ಹದಿಮೂರು ನಡೆಗೆ ಮೂರೇ ನಡೆ



ಚೆಸ್ ಆಟದಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟ ಕಾಲಾಳು. ಅದು ಒಂದೊಂದೇ ಮನೆ ನಡೆದು ಎಂಟನೇ ಸಾಲು ಮುಟ್ಟಿದರೆ ರಾಣಿಯಾಗುತ್ತದೆ. (ನಮ್ಮಜ್ಜ ರಾಣಿ ಅನ್ನೋದಿಲ್ಲ, ಮಂತ್ರಿ ಅಂತಾನೆ.) ಆದರೆ ನನ್ನ ಕಾಲಾಳು ಮುಟ್ಟೋದು ಅಪರೂಪ. ನಮ್ಮಣ್ಣ ಆರನೇ ಮನೆಯಲ್ಲೋ ಏಳನೇ ಮನೆಯಲ್ಲೋ ಹೊಡೆದೇ ಬಿಡ್ತಾನೆ. ಅದಕ್ಕೇ, ಒಬ್ಬ ಹುಡುಗಿಯೇ ಕಾಲಾಳಾಗಿ ಹೊರಟು ರಾಣಿಯಾಗುವ ಕತೆ ಇದೆ ಅಂತ ಟೀಚರ್ ಹೇಳಿದಾಗ ನಾನು ಅವರನ್ನು ಬಿಡಲೇ ಇಲ್ಲ. ಇಂಗ್ಲಿಷ್ ಪುಸ್ತಕ. ಅವರು ಓದಿ ಓದಿ ಕನ್ನಡದಲ್ಲಿ ಹೇಳಿದರು. ಒಂಬತ್ತು ದಿನ ಹಿಡೀತು.

ಪುಸ್ತಕದ ಹೆಸರು ‘ಥ್ರೂ ದ ಲುಕಿಂಗ್ ಗ್ಲಾಸ್’. ಬರೆದವರು ಲೂಯಿಸ್ ಕ್ಯಾರಲ್. ಅವರ ನಿಜವಾದ ಹೆಸರು ಚಾರ್ಲ್ಸ್ ಡಾಡ್ಜ್‌ಸನ್, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಪುಸ್ತಕ ಬಂದದ್ದು 1871ರಲ್ಲಿ. ಆಲಿಸ್ ಎಂಬ ಹುಡುಗಿ ಕನ್ನಡಿಯೊಳಗೆ ನುಗ್ಗಿ ಆ ಕಡೆ ಹೋಗುತ್ತಾಳೆ. ಅಲ್ಲಿ ನೋಡಿದರೆ ಊರಿಗೆ ಊರೇ ಚೆಸ್ ಮಣೆ! ಬೇಲಿ ಮತ್ತು ಹಳ್ಳಗಳೇ ಗೆರೆ. ಹಳ್ಳ ಹಾರಿದರೆ ಮುಂದಿನ ಮನೆ.

ಎಂಥಾ ಐಡಿಯಾ ನೋಡಿ. ಕಾಲಾಳು ಮೊದಲನೇ ಸಲ ಎರಡು ಮನೆ ಹೋಗಬಹುದಲ್ಲ, ಅದಕ್ಕೆ ಆಲಿಸ್ ಮೂರನೇ ಮನೆಯನ್ನು ರೈಲಿನಲ್ಲಿ ದಾಟಿ ನಾಲ್ಕಕ್ಕೆ ಹೋಗ್ತಾಳೆ. ಕೆಂಪು ರಾಜ ಪಕ್ಕದ ಮನೆಯಲ್ಲಿ ಗೊರಕೆ ಹೊಡೀತಾ ಮಲಗಿರ್ತಾನೆ. (ಅವರ ಮಣೆಯಲ್ಲಿ ಕಪ್ಪಿನ ಬದಲು ಕೆಂಪು.) ನೀನು ಅವನ ಕನಸಿನಲ್ಲಿ ಬರೋಳು ಅಷ್ಟೇ, ಅವನು ಎದ್ದರೆ ನೀನಿಲ್ಲ ಅಂತ ಅವಳಿಗೆ ಹೇಳ್ತಾರೆ. ಅದನ್ನು ಕೇಳಿ ನಂಗೆ ರಾತ್ರಿ ನಿದ್ದೆ ಬರಲಿಲ್ಲ.

ಪುಸ್ತಕದ ಮೊದಲಲ್ಲೇ ಮಣೆಯ ಚಿತ್ರವಿದೆ. ಒಟ್ಟು ಎಂಟೇ ಕಾಯಿ. ಆಲಿಸ್ ಹನ್ನೊಂದು ನಡೆಯಲ್ಲಿ ಗೆಲ್ಲುತ್ತಾಳೆ ಅಂತ ಬರೆದು ನಡೆಗಳ ಪಟ್ಟಿಯನ್ನೂ ಕೊಟ್ಟಿದ್ದಾರೆ. ನಾನು ಪಟ್ಟಿ ಕಾಪಿ ಮಾಡಿಕೊಂಡು ಮಣೆ ಮೇಲೆ ಇಟ್ಟು ನೋಡಿದೆ. ತಲೆ ಕೆಟ್ಟುಹೋಯ್ತು. ಬಿಳಿಯವರು ನಡೆದ ಮೇಲೆ ಮತ್ತೆ ಬಿಳಿಯವರೇ ನಡೀತಾರೆ! ಎಣಿಸಿದೆ. ಬಿಳಿಯದು 13 ನಡೆ, ಕೆಂಪಿನದು ಮೂರೇ. ಕೊನೆಯಲ್ಲಿ ಕೆಂಪು ರಾಣಿ ಬಂದು ಬಿಳಿ ರಾಜನಿಗೆ ಚೆಕ್ ಕೊಡ್ತಾಳೆ, ಯಾರೂ ಆ ಕಡೆ ತಿರುಗಿಯೂ ನೋಡಲ್ಲ. ರಾಣಿಯರು ಅರಮನೆಗೆ ಹೋಗಿ ಊಟಕ್ಕೆ ಕೂರ್ತಾರೆ. ಇನ್ನು ಮೊಟ್ಟೆಯಂಥ ಹಂಪ್ಟಿ ಡಂಪ್ಟಿ, ಸಿಂಹ, ಒಂಟಿಕೊಂಬಿನ ಕುದುರೆ ಎಲ್ಲಾ ಬಂದು ಮಾತಾಡಿ ಹೋಗ್ತಾರೆ, ಆ ಚಿತ್ರದಲ್ಲಿ ಅವರ ಕಾಯಿಯೇ ಇಲ್ಲ.

ಕಡೆಯ ಮೇಟ್ ಮಾತ್ರ ಸರಿಯಾಗಿದೆ. ಕೆಂಪು ರಾಜನಿಗೆ ಹೋಗಲು ಒಂದೂ ಮನೆ ಇಲ್ಲ, ನಾನೇ ನೋಡಿದೆ. ಪಾಪ, ಮಲಗಿದ್ದಲ್ಲೇ ಸೋತ.

ನನ್ನ ಗೆಳತಿ, ಅದು ಕನಸಿನ ಕತೆ ಕಣೇ, ಕನಸಲ್ಲಿ ಲೆಕ್ಕ ಕೇಳ್ತಾರಾ ಅಂದಳು. ನಾನು ಒಪ್ಪಲ್ಲ. ಕನಸು ಅಂದರೆ ಕನಸು ಅಂತಲೇ ಬಿಡಬೇಕಿತ್ತು. ಚಿತ್ರ ಹಾಕಿ, ನಂಬರ್ ಹಾಕಿ ಲೆಕ್ಕ ಕೊಟ್ಟವರು ಅವರೇ ತಾನೆ? ಬಿಳಿ ಕೆಂಪು ಸರದಿ ಅಷ್ಟು ಸರಿಯಾಗಿಲ್ಲ ಅಂತ 1896ರಲ್ಲಿ ಮುನ್ನುಡಿಯಲ್ಲಿ ಅವರೇ ಬರೆದರಂತೆ. ಆದರೆ ಪಟ್ಟಿಯನ್ನು ತಿದ್ದಲಿಲ್ಲ.

ನನ್ನ ಬೇಜಾರು ಇಷ್ಟೇ. ಆಲಿಸ್‌ನನ್ನು ದಾರಿಯಲ್ಲಿ ಹೊಡೆಯೋಕೆ ಯಾರೂ ಗಟ್ಟಿಯಾಗಿ ಬರಲಿಲ್ಲ. ಕೆಂಪು ಕುದುರೆಯವನು ಒಬ್ಬ ಬಂದ, ಬಿಳಿ ಕುದುರೆಯವನು ಅವನನ್ನು ಓಡಿಸಿದ. ಅಷ್ಟೇ. ನಮ್ಮಣ್ಣನಂಥವನು ಎದುರಿಗೆ ಕೂತಿದ್ದರೆ ಅವಳು ಹೇಗೆ ದಾಟುತ್ತಿದ್ದಳು ಅಂತ ನಂಗೆ ನೋಡಬೇಕಿತ್ತು.

ಈಗ ಅದೇ ಎಂಟು ಕಾಯಿ ಹಾಗೇ ಜೋಡಿಸಿ, ಕೆಂಪಿನವರಿಗೂ ಸರದಿ ಕೊಟ್ಟು ಆಡ್ತಾ ಇದ್ದೇನೆ. ಒಬ್ಬಳೇ ಎರಡೂ ಕಡೆ ಆಡಿದರೆ ಮನಸ್ಸು ಬಿಳಿ ಕಡೆಗೇ ಹೋಗುತ್ತೆ. ಕೆಂಪು ಕಡೆ ಕೂರೋರು ಯಾರಾದರೂ ಇದ್ದರೆ ಊಟದ ಬಿಡುವಿನಲ್ಲಿ ಏಳನೇ ತರಗತಿ ಜಗಲಿಗೆ ಬನ್ನಿ. ಕಾಯಿ ನನ್ನ ಹತ್ತಿರ ಇವೆ. ಕೆಂಪು ಕುದುರೆ ಕಳೆದಿದೆ, ಅದಕ್ಕೆ ಹುಣಸೆಬೀಜ ಇಟ್ಟಿದ್ದೇನೆ.