ಪುಡಿಗಾಸಿನ ಗೋಪುರ

ಹನಿಹನಿಗೂಡಿದರೆ ಹಳ್ಳವೆಂಬುದು ಹಿರಿಯರ ಮಾತು. ಆ ಮಾತೇ ಉಕ್ಕು ಮಣ್ಣುಗಳ ರೂಪವನ್ನು ತಾಳಿ ಮುಗಿಲಿಗೇರಿದುದನ್ನು ಕಾಣಬೇಕೆಂಬವರು ನ್ಯೂಯಾರ್ಕ್ ನಗರದ ಬ್ರಾಡ್‌ವೇ ಬೀದಿಯಲ್ಲಿರುವ ವುಲ್‌ವರ್ತ್ ಸೌಧವನ್ನು ನೋಡಬೇಕು.

ಫ್ರಾಂಕ್ ವುಲ್‌ವರ್ತ್ ಒಕ್ಕಲುಮನೆಯಲ್ಲಿ ಹುಟ್ಟಿದವನು. 1879ರಲ್ಲಿ ಯೂಟಿಕಾದಲ್ಲಿ ಅವನು ತೆರೆದ ಐದು ಸೆಂಟಿನ ಅಂಗಡಿಯು ಕೆಲವೇ ತಿಂಗಳಲ್ಲಿ ಮುಚ್ಚಿತು. ಎದೆಗುಂದದೆ ಅದೇ ವರ್ಷ ಲ್ಯಾಂಕಾಸ್ಟರಿನಲ್ಲಿ ಮತ್ತೊಂದನ್ನು ತೆರೆದನು. ಅದು ಅವನ ಕೈಹಿಡಿಯಿತು. ಅಂಗಡಿ ನೂರಾರಾದುವು. ಐದಕ್ಕೂ ಹತ್ತಕ್ಕೂ ದೊರೆಯುವ ಸಣ್ಣಪುಟ್ಟ ಸಾಮಾನುಗಳನ್ನು ಬಡವರು ಕೊಂಡರು. ಅಲ್ಪ ಸಂಬಳದ ಹುಡುಗಿಯರು ಮಾರಿದರು. ಆ ಪುಡಿಗಾಸುಗಳಿಂದಲೇ 1 ಕೋಟಿ 35 ಲಕ್ಷ ಡಾಲರುಗಳ ಸೌಧವು ಎದ್ದಿತು.

ಶಿಲ್ಪಿಯಾದ ಕ್ಯಾಸ್ ಗಿಲ್ಬರ್ಟನು ಅದಕ್ಕೆ ಯೂರೋಪಿನ ಹಳೆಯ ಇಗರ್ಜಿಗಳ ಗಾಥಿಕ್ ಶೈಲಿಯನ್ನು ಆರಿಸಿದನು. ಆ ಶೈಲಿಯ ರೇಖೆಗಳೆಲ್ಲವೂ ನೋಡುವವನ ಕಣ್ಣನ್ನು ಮೇಲಕ್ಕೆ ಕರೆದೊಯ್ಯುವುವು. 792 ಅಡಿಯ ಭಾರವನ್ನು ಹೊತ್ತಿರುವುದು ಒಳಗಿನ ಉಕ್ಕಿನ ಹಂದರ. ಅದರ ಅಸ್ತಿಭಾರವು ನೆಲದೊಳಗೆ ನೂರು ಅಡಿಗೂ ಕೆಳಗಿನ ಬಂಡೆಯನ್ನು ಮುಟ್ಟಿದೆ. ಹೊರಗೆ ಕಾಣುವ ಕೆನೆಬಣ್ಣದ ಕುಸುರಿಯು ಸುಟ್ಟ ಜೇಡಿಮಣ್ಣಿನ ಹೊದಿಕೆ ಮಾತ್ರ.

1913ನೆಯ ಏಪ್ರಿಲ್ 24ರ ಸಂಜೆ ಅಧ್ಯಕ್ಷ ವಿಲ್ಸನ್ನರು ವಾಷಿಂಗ್ಟನ್ನಿನಲ್ಲಿ ಗುಂಡಿಯನ್ನೊತ್ತಲು ಇಲ್ಲಿ 80,000 ದೀಪಗಳು ಬೆಳಗಿದುವು. ಪಾದ್ರಿಯೊಬ್ಬರು ಇದನ್ನು ವಾಣಿಜ್ಯದ ಮಹಾ ಇಗರ್ಜಿಯೆಂದು ಕೊಂಡಾಡಿದರು. ಲಾಭಕ್ಕೆ ದೇಗುಲದ ವೇಷವೇ ಎಂದು ಕೇಳುವವರಿಗೆ ಶಿಲ್ಪಿಗಳು ಒಳಗೇ ಉತ್ತರವನ್ನಿಟ್ಟಿದ್ದಾರೆ. ಹಜಾರದ ಕಮಾನುಗಳ ಬುಡದಲ್ಲಿ ಕುಳಿತಿರುವವರು ಸಂತರಲ್ಲ. ಕಾಸನ್ನೆಣಿಸುತ್ತಿರುವ ವುಲ್‌ವರ್ತ್, ಸೌಧದ ಮಾದರಿಯನ್ನು ತಬ್ಬಿರುವ ಗಿಲ್ಬರ್ಟ್! ತನ್ನನ್ನು ಕಂಡು ತಾನೇ ನಗಬಲ್ಲ ಐಶ್ವರ್ಯಕ್ಕೆ ಅರ್ಧ ಅಪರಾಧವನ್ನಾದರೂ ಮನ್ನಿಸಬಹುದು.

ಮುಂದಿನದು ಕಾಲದ ಲೆಕ್ಕ. 1919ರಲ್ಲಿ ಒಡೆಯನು ತೀರಿಕೊಂಡನು. 1930ರಲ್ಲಿ ಲೋಕದ ಅತ್ಯುನ್ನತ ಕಟ್ಟಡವೆಂಬ ಬಿರುದು ಅನ್ಯರ ಪಾಲಾಯಿತು. ಮಳೆನೀರು ಜಿನುಗಿ ಮಣ್ಣಿನ ಹೊದಿಕೆಯು ಬಿರಿದುದರಿಂದ, 1977ರಿಂದ 1981ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ ಸುಮಾರು 26,000 ಬಿಲ್ಲೆಗಳನ್ನು ಬದಲಿಸಬೇಕಾಯಿತು. 1997ರಲ್ಲಿ ಅಮೆರಿಕೆಯ ಆ ಅಗ್ಗದ ಅಂಗಡಿಗಳು ಬಾಗಿಲು ಹಾಕಿದುವು. ಮರುವರ್ಷ ಸೌಧವೇ ಮಾರಾಟವಾಯಿತು. ಈಗ ಮೇಲಣ ಅಂತಸ್ತುಗಳು ಸಿರಿವಂತರ ನಿವಾಸಗಳು.

ಐದು ಸೆಂಟಿತ್ತು ಬಾಚಣಿಗೆಯನ್ನು ಕೊಂಡವಳ ಹೆಸರಾಗಲಿ, ಅದನ್ನು ಕಟ್ಟಿಕೊಟ್ಟ ಹುಡುಗಿಯ ಹೆಸರಾಗಲಿ ಯಾವ ಗೋಡೆಯ ಮೇಲೂ ಇಲ್ಲ. ಆದರೆ ಹಜಾರದಲ್ಲಿರುವ ಮೂರ್ತಿಯು ಇಂದಿಗೂ ಎಣಿಸುತ್ತಿರುವುದು ಅವರ ಕಾಸನ್ನೇ. ಅದನ್ನು ಬಲ್ಲವನ ಕಣ್ಣಿಗೆ ಗೋಪುರದ ಎತ್ತರವು ಒಬ್ಬನದಾಗಿ ಉಳಿಯದು.