ಒಂದು ನೋಟುಬುಕ್ಕಿನ ಋಣ

ಸ್ಮರಣ ಸಂಚಿಕೆಗೆ ನನ್ನ ಅಧ್ಯಾಪನ ಕಾಲದ ಅನುಭವವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಕನ್ನಡ ಪಂಡಿತನಿಂದ ಅವರು ನಿರೀಕ್ಷಿಸಿದ್ದು ವ್ಯಾಕರಣ ಪಾಠದ ನೆನಪುಗಳನ್ನಿರಬೇಕು. ನನ್ನ ಮನಸ್ಸಿನಲ್ಲಿ ಉಳಿದಿರುವುದಾದರೋ ನಿವೃತ್ತಿಯ ಅಂಚಿನಲ್ಲಿ ನಾನು ಬರೆದ, ಕಳೆದುಕೊಂಡ, ಮರಳಿ ಬರೆದ ಗಣಕಯಂತ್ರದ ಪ್ರಥಮ ಪಾಠಗಳು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆಯ ಮಕ್ಕಳು ನಮ್ಮಲ್ಲಿ ಕಲಿಯುತ್ತಿರುವುದನ್ನು ವಾಚಕರು ಬಲ್ಲರು. ದಾನಿಗಳ ಔದಾರ್ಯದಿಂದ ಯಂತ್ರಗಳು ಬಂದವು. ಪುಸ್ತಕಗಳು ಮಾತ್ರ ಇಂಗ್ಲಿಷಿನವು. 2010ರಲ್ಲಿ, ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದ, ಕಲ್ಲುಗಣಿ ಕೂಲಿಕಾರರೊಬ್ಬರ ಮಗಳು ಗಣಕ ತರಗತಿಗೆ ಮಾತ್ರ ಗೈರುಹಾಜರಾಗತೊಡಗಿದಳು. ಕರೆದು ವಿಚಾರಿಸಿದೆ. “ಲೆಕ್ಕ ತಿಳೀತದರಿ ಸರ್, ಲೆಕ್ಕದ ಮಾತು ತಿಳ್ಯಂಗಿಲ್ರಿ” ಎಂದು ತಲೆ ತಗ್ಗಿಸಿದಳು. ಆ ಮಾತು ನನ್ನನ್ನು ಚುಚ್ಚಿತು. ಯಂತ್ರವನ್ನು ಚಾಲೂ ಮಾಡಲೂ ಬಾರದ ನಾನು, ಗಣಿತದ ಕಿರಿಯ ಸಹೋದ್ಯೋಗಿಯೊಬ್ಬರ ಬಳಿ ಸಂಜೆ ಹೊತ್ತು ಶಿಷ್ಯನಾಗಿ ಕುಳಿತು, ಕಲಿತದ್ದನ್ನು ಕನ್ನಡದಲ್ಲಿ ಬರೆಯುತ್ತ ಹೋದೆ.

ಉದಾಹರಣೆಗಳಿಗೆ ದೂರ ಹೋಗಬೇಕಾಗಲಿಲ್ಲ. ಕಲಬುರಗಿಯಿಂದ ಬಂದ ಗಾಡಿ ವಾಡಿ ಜಂಕ್ಷನ್ನಿನಲ್ಲಿ ಚಿತ್ತಾಪುರ, ಸೇಡಂ ಹಾದು ಹೈದರಾಬಾದಿಗೆ ಹೋಗುವುದಾದರೆ ಒಂದು ಹಳಿ, ರಾಯಚೂರಿಗಾದರೆ ಇನ್ನೊಂದು. ಪ್ರೋಗ್ರಾಮಿನಲ್ಲಿ ‘ಹೀಗಿದ್ದರೆ ಇದು, ಇಲ್ಲವಾದರೆ ಅದು’ ಎಂಬ ಆಜ್ಞೆಯೂ ಇಂಥದೇ ಎಂದೆ. ಚಿಂಚೋಳಿಯ ಹುಡುಗನೊಬ್ಬ ಎದ್ದುನಿಂತು, “ನಮ್ಮೂರಿಗಿ ರೈಲೇ ಬರಂಗಿಲ್ರಿ ಸರ್, ನಾ ಏನ್ ಮಾಡ್ಲಿ?” ಎಂದ. ಎರಡೂ ಅಲ್ಲದ ಮೂರನೆಯ ಸಂದರ್ಭವನ್ನು ಪ್ರೋಗ್ರಾಂ ಬರೆಯುವವನು ಮೊದಲೇ ಆಲೋಚಿಸಿರಬೇಕೆಂಬ ಪಾಠ ಅಲ್ಲಿಯೇ ಆಯಿತು.

ಚಿತ್ರದ ವಿಷಯಕ್ಕೆ ಶಹಾಬಾದಿ ಫರಸಿ ನೆರವಾಯಿತು. ಚೌಕ ಕಲ್ಲುಗಳನ್ನು ಹಾಸಿದ ಅಂಗಳದಂತೆ, ತೆರೆಯ ಮೇಲಿನ ಚಿತ್ರವೂ ಚುಕ್ಕಿಗಳ ಹಾಸು. ಅಡ್ಡಲಾಗಿ 800, ಉದ್ದಕ್ಕೆ 600 ಚುಕ್ಕಿಗಳಿದ್ದರೆ ಒಟ್ಟು 4,80,000. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು ತಿಳಿಸುವ, 0ರಿಂದ 255ರವರೆಗಿನ ಮೂರು ಸಂಖ್ಯೆಗಳು. ಅಂದರೆ ಯಂತ್ರದ ಪಾಲಿಗೆ ಆ ಚಿತ್ರವು 14,40,000 ಸಂಖ್ಯೆಗಳ ಸಾಲು.

ಲೆಕ್ಕ ಬಿಡಿಸುವ ಕ್ರಮಕ್ಕೆ ಅಲ್ಗಾರಿದಮ್ ಎಂಬ ಹೆಸರು ಬಂದದ್ದು ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್-ಖ್ವಾರಿಜ್ಮಿಯಿಂದ. ಅದೇ ಶತಮಾನದಲ್ಲಿ, ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷನನ್ನು ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಕೊಂಡಾಡಿದ್ದಾನೆ. ಪಾಠಕ್ಕೆ ಇದು ಅನಗತ್ಯವೆಂದು ಸಹೋದ್ಯೋಗಿಯವರು ಹೊಡೆದುಹಾಕಿದರು. ನಾನು ಮತ್ತೆ ಸೇರಿಸಿದೆ.

ನಲವತ್ತು ಪುಟಗಳಾದವು. ಅಂಗಡಿಯೊಂದರಲ್ಲಿ ಟೈಪು ಮಾಡಿಸಿ ಸಿ.ಡಿ.ಯಲ್ಲಿ ಇರಿಸಿಕೊಂಡು, ಕೈಬರಹದ ಹಾಳೆಗಳನ್ನು ರದ್ದಿಗೆ ಹಾಕಿದೆ. ಅದು ನನ್ನದೇ ಅವಿವೇಕ. 2012ರಲ್ಲಿ ಹೊಸ ಯಂತ್ರಗಳು ಬಂದಾಗ ಸಿ.ಡಿ. ತೆರೆದು ನೋಡಿದರೆ ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ! ಅಂದಿನ ಫಾಂಟುಗಳಲ್ಲಿ ಎಷ್ಟೋ, ಇಂಗ್ಲಿಷಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಆ ಫಾಂಟು ಇಲ್ಲದ ಕಡೆ ಬರಹವೇ ಇಲ್ಲ. ಅಂಗಡಿ ಮುಚ್ಚಿಹೋಗಿತ್ತು, ಫಾಂಟು ಎಲ್ಲಿಯೂ ದೊರೆಯಲಿಲ್ಲ. ಎರಡು ದಿನ ನನಗೆ ಊಟ ರುಚಿಸಲಿಲ್ಲ.

ಸುದ್ದಿ ಕೇಳಿದ ಆ ಹುಡುಗಿ, ಆಗ ಹತ್ತನೆಯ ತರಗತಿಯಲ್ಲಿದ್ದವಳು, ತನ್ನ ನೋಟುಬುಕ್ಕನ್ನು ತಂದಿಟ್ಟಳು. ಹಲಗೆಯ ಮೇಲೆ ನಾನು ಬರೆದುದೆಲ್ಲ ಅದರಲ್ಲಿ ಮುತ್ತಿನಂಥ ಅಕ್ಷರದಲ್ಲಿತ್ತು! ಅದನ್ನು ಮುಂದಿಟ್ಟುಕೊಂಡು ನಾವಿಬ್ಬರೂ ಈ ಸಲ ಯೂನಿಕೋಡಿನಲ್ಲಿ ಟೈಪು ಮಾಡಿದೆವು. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನಗಳಿದ್ದವು. ಯಾವ ಫಾಂಟಿನಲ್ಲಿ ತೋರಿಸಿದರೂ ‘ಕ’ ಎಂದರೆ 3221. ‘ಸೇಡಂ’ ಎಂದರೆ 3256, 3271, 3233, 3202.

ಊರ ಹೆಸರುಗಳ ಉದ್ದವನ್ನು ಪೈಥಾನ್ ಭಾಷೆಯಲ್ಲಿ ಎಣಿಸುವ ಪ್ರೋಗ್ರಾಮನ್ನು ಅವಳೇ ಬರೆದಳು. ಕಣ್ಣಿಗೆ ನಾಲ್ಕೇ ಅಕ್ಷರವಾಗಿ ಕಾಣುವ ‘ಚಿತ್ತಾಪುರ’ಕ್ಕೆ ಯಂತ್ರ ಒಂಬತ್ತು ಎಂದಿತು. ನಾನು ವರ್ಣಗಳಾಗಿ ಬಿಡಿಸಿ ಎಣಿಸಿದೆ, ಒಂಬತ್ತೇ! ಯಂತ್ರಕ್ಕೂ ಕೇಶಿರಾಜನ ವ್ಯಾಕರಣ ತಿಳಿದಿದೆಯೆಂದು ಹಿಗ್ಗಿದೆ. ಅವಳು ಒಪ್ಪಲಿಲ್ಲ. ‘ಸೇಡಂ’ ಹಾಕಿ ತೋರಿಸಿದಳು. ನನ್ನ ಲೆಕ್ಕದಲ್ಲಿ ಐದು, ಯಂತ್ರದಲ್ಲಿ ನಾಲ್ಕು.

“ಯಂತ್ರ ಅಕಾರ ಬ್ಯಾರೆ ಎಣಿಸಂಗಿಲ್ರಿ ಸರ್. ‘ಡ’ ಅಂದ್ರ ಅದ್ರೊಳಗ ‘ಅ’ ಕುಂತೇ ಇರ್ತದರಿ. ಅದನ್ನ ತೆಗೀಬೇಕಂದ್ರ ಹಲಂತದ ಗುರುತು ಬ್ಯಾರೆ ಹಾಕಬೇಕ್ರಿ. ಚಿತ್ತಾಪುರದಾಗ ಅದೇ ಒಂದು ಹೆಚ್ಚಾಗಿ, ‘ರ’ದ ಅಕಾರ ಒಂದು ಕಡಿಮಿಯಾಗಿ ಲೆಕ್ಕ ಸರಿಹೋಗ್ಯದರಿ.”

ಮೂವತ್ತು ವರ್ಷ ಹಲಂತವನ್ನು ಕಲಿಸಿದವನು ನಾನು. ಆ ವಿವರಣೆಯನ್ನು ಅವಳ ಮಾತಿನಲ್ಲಿಯೇ ಟಿಪ್ಪಣಿಯ ಹನ್ನೊಂದನೆಯ ಪುಟಕ್ಕೆ ಸೇರಿಸಿದೆವು. ನೋಟುಬುಕ್ಕನ್ನು ಹಿಂದಿರುಗಿಸಲು ಹೋದಾಗ, “ನಿಮ್ಮ ಹತ್ರಾನೇ ಇರ್ಲಿ ಬಿಡ್ರಿ ಸರ್, ಮತ್ತೆ ಸಿ.ಡಿ. ಕೆಡ್ತದ” ಎಂದಳು. ಅದು ಈಗಲೂ ನನ್ನ ಕಪಾಟಿನಲ್ಲಿದೆ.