ಚಳಿಗಾಲದ ಕಾರು, ಬೇಸಿಗೆಯ ಡೇರೆ

ಜುಲೈ ತಿಂಗಳ ಕೊನೆಯ ವಾರ. ರಾತ್ರಿ ಒಂಬತ್ತೂವರೆ ಗಂಟೆ. ಆದರೂ ಸಿಲ್ಯಾನ್ ಸರೋವರದ ಅಂಚಿನಲ್ಲಿ ಸೂರ್ಯ ಮುಳುಗಲೋ ಬೇಡವೋ ಎಂದು ಅನುಮಾನಿಸುತ್ತಾ ನಿಂತಿದ್ದಾನೆ. ರೆಟ್‌ವಿಕ್ ಎಂಬ ಪುಟ್ಟ ಊರಿನ ಬೀದಿಯಲ್ಲಿ ಕಾರುಗಳ ಸಾಲು ಆಮೆಯ ನಡಿಗೆಯಲ್ಲಿ ಸಾಗುತ್ತಿದೆ. ಯಾವುದೂ ಹೊಸ ಕಾರಲ್ಲ. ಮೀನಿನ ಬಾಲದಂಥ ಹಿಂಬದಿಯ ಕ್ಯಾಡಿಲಾಕ್, ಅಗಲ ಹಲ್ಲಿನ ಶೆವರ್ಲೆ, ನಡುನಡುವೆ ಗೂನು ಬೆನ್ನಿನ ಹಳೆಯ ವೋಲ್ವೊ. ರಸ್ತೆಯಂಚಿನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಕುಳಿತವರು ತೇರು ನೋಡುವವರ ಹಾಗೆ ನೋಡುತ್ತಿದ್ದಾರೆ. ಮೆರವಣಿಗೆ ಮುಗಿದ ಮೇಲೆ ಈ ಕಾರುಗಳಲ್ಲಿ ಎಷ್ಟೋ ಹೋಟೆಲಿಗೆ ಹೋಗುವುದಿಲ್ಲ. ಸರೋವರದ ದಂಡೆಯ ಬಯಲಿನಲ್ಲಿ ಡೇರೆಗಳ ಪಕ್ಕಕ್ಕೆ ಹೋಗಿ ನಿಲ್ಲುತ್ತವೆ.

ಸ್ವೀಡನ್ ದೇಶದ ದಲಾರ್ನಾ ಸೀಮೆಯಲ್ಲಿದೆ ರೆಟ್‌ವಿಕ್. ರಾಜಧಾನಿ ಸ್ಟಾಕ್‌ಹೋಮಿನಿಂದ ವಾಯವ್ಯಕ್ಕೆ ಸುಮಾರು 270 ಕಿಲೋಮೀಟರ್. ಪ್ರತಿ ಬೇಸಿಗೆಯಲ್ಲಿ ಇಲ್ಲಿ ಹಳೆಯ ಕಾರುಗಳ ವಾರ ನಡೆಯುತ್ತದೆ. ಆ ಏಳೆಂಟು ದಿನ ಊರಿಗೆ ಊರೇ ಪೆಟ್ರೋಲಿನ ವಾಸನೆ.

ಸಿಲ್ಯಾನ್ ಸರೋವರದ್ದೇ ಒಂದು ಕಥೆ ಇದೆ. ಸುಮಾರು 38 ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಂದ ಭಾರಿ ಬಂಡೆಯೊಂದು ಇಲ್ಲಿ ಅಪ್ಪಳಿಸಿತು. ಉಂಟಾದ ಕುಳಿಯ ಅಗಲ 50 ಕಿಲೋಮೀಟರಿಗೂ ಹೆಚ್ಚು. ಯೂರೋಪಿನಲ್ಲಿ ಇದುವರೆಗೆ ತಿಳಿದಿರುವ ಅಂಥ ಕುಳಿಗಳಲ್ಲಿ ಇದೇ ದೊಡ್ಡದು. ಪೆಟ್ಟು ಬಿದ್ದ ನಡುಭಾಗ ಮೇಲಕ್ಕೆ ಉಬ್ಬಿತು, ಸುತ್ತಲೂ ಉಂಗುರದಂತೆ ನೆಲ ತಗ್ಗಾಯಿತು. ಆ ತಗ್ಗಿನಲ್ಲಿ ಈಗ ಸಿಲ್ಯಾನ್ ಮತ್ತು ಅದರ ನೆರೆಯ ಸರೋವರಗಳಿವೆ. ಉಂಗುರದಲ್ಲಿ ಉಳಿದ ಸುಣ್ಣಕಲ್ಲನ್ನು ಅಗೆದು ಅಗೆದು ಉಂಟಾದ ದಾಲ್‌ಹಲ್ಲಾ ಎಂಬ ಕ್ವಾರಿ 1995ರಿಂದ ಬಯಲು ರಂಗಮಂದಿರವಾಗಿದೆ. ದಂಡೆಯಲ್ಲಿ ನೀರು ಆಳವಿಲ್ಲ. ಅದಕ್ಕೇ ಉಗಿದೋಣಿ ನಿಲ್ಲಲೆಂದು 1895ರಲ್ಲಿ 600 ಮೀಟರಿಗೂ ಉದ್ದದ ಮರದ ಸೇತುವೆಯನ್ನು ಸರೋವರದೊಳಕ್ಕೆ ಚಾಚಿ ಕಟ್ಟಿದರು. ಡೇರೆ ಹಾಕಿದ ಮಕ್ಕಳು ಬೆಳಗಾದರೆ ಅದರ ಮೇಲೆ ಓಡುತ್ತಾ ಹೋಗಿ ತುದಿ ಮುಟ್ಟಿ ಬರುತ್ತಾರೆ.

ಇನ್ನೊಂದು ವಿಷಯ. ಇಲ್ಲಿನ ಮರದ ಮನೆಗಳೆಲ್ಲ ಒಂದೇ ಬಗೆಯ ಮಂಕು ಕೆಂಪು. ಹತ್ತಿರದ ಫಾಲುನ್ ಊರಿನ ತಾಮ್ರದ ಗಣಿಯ ತ್ಯಾಜ್ಯದಿಂದ ತಯಾರಾಗುವ ಬಣ್ಣ ಅದು. ಗಣಿ 1992ರಲ್ಲಿ ಮುಚ್ಚಿತು; 2001ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಬಣ್ಣದಲ್ಲಿರುವ ಮುಖ್ಯ ವಸ್ತು ಕಬ್ಬಿಣದ ಆಕ್ಸೈಡು. ಅಂದರೆ ತುಕ್ಕಿನ ಬಳಗದ್ದೇ! ಗೋಡೆಗೆ ಬಳಿದರೆ ಮರವನ್ನು ಕಾಪಾಡುವ ಬಳಗ, ಅದೇ ಅಂಗಳದಲ್ಲಿ ನಿಂತ ಕಾರಿನ ಅಡಿಯನ್ನು ಸದ್ದಿಲ್ಲದೆ ತಿಂದುಹಾಕುತ್ತದೆ.

ಕಾರು ಪ್ರೇಮಿಗಳ ವರ್ಷದ ಅರ್ಧಭಾಗ ಈ ತುಕ್ಕಿನೊಡನೆ ಜಗಳವಾಡುವುದರಲ್ಲೇ ಕಳೆಯುತ್ತದೆ. ಡಿಸೆಂಬರಿನಲ್ಲಿ ಇಲ್ಲಿ ಹಗಲು ಐದೂವರೆ ಗಂಟೆ ಮಾತ್ರ. ಜೂನ್ ಕೊನೆಯಲ್ಲಿ 19 ಗಂಟೆ. ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ ಎಂದು ಪುಸ್ತಕದಲ್ಲಿ ಓದಿ ಒಂದು ಅಂಕ ಪಡೆಯುವ ಸಂಗತಿ ಇಲ್ಲಿ ಜನರ ದಿನಚರಿಯನ್ನೇ ಎರಡು ತುಂಡು ಮಾಡುತ್ತದೆ. ಚಳಿಗಾಲದಲ್ಲಿ ಮುಖ್ಯರಸ್ತೆಗಳ ಮಂಜು ಕರಗಿಸಲು ಉಪ್ಪು ಎರಚುತ್ತಾರೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನು ಕಳೆದುಕೊಳ್ಳುವ ಕೆಲಸ ಬಿರುಸಾಗುತ್ತದೆ. ಆದ್ದರಿಂದ ಹಳೆಯ ಕಾರನ್ನು ಶರತ್ಕಾಲದಲ್ಲೇ ಒಳಗೆ ಕೂಡಿಹಾಕುತ್ತಾರೆ. ‘ಈ ವಾಹನ ಸದ್ಯಕ್ಕೆ ರಸ್ತೆಗಿಳಿಯುವುದಿಲ್ಲ’ ಎಂದು ಸಾರಿಗೆ ಇಲಾಖೆಗೆ ತಿಳಿಸಿಬಿಟ್ಟರೆ ಅಷ್ಟು ತಿಂಗಳ ತೆರಿಗೆಯೂ ಇಲ್ಲ, ಕಡ್ಡಾಯ ವಿಮೆಯೂ ಇಲ್ಲ. ವಸಂತದಲ್ಲಿ ಮತ್ತೆ ತಿಳಿಸಿ ಇಳಿಸುವುದು. 30 ವರ್ಷ ದಾಟಿದ ಕಾರಿಗಂತೂ ವಾಹನ ತೆರಿಗೆಯೇ ಮಾಫಿ.

ಆಮೇಲೆ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಕೆಲಸ. ತುಕ್ಕು ಹಿಡಿದ ಸಣ್ಣ ಭಾಗಗಳನ್ನು ಬಿಡಿಸುವ ಒಂದು ವಿಧಾನ ವಿದ್ಯಾರ್ಥಿಗಳಿಗೆ ಇಷ್ಟವಾದೀತು. ಪ್ಲಾಸ್ಟಿಕ್ ಬಕೇಟಿನಲ್ಲಿ ವಾಷಿಂಗ್ ಸೋಡಾ ಕದಡಿದ ನೀರು. ತುಕ್ಕಿನ ಭಾಗವನ್ನು ಬ್ಯಾಟರಿ ಚಾರ್ಜರಿನ ಋಣ ತುದಿಗೆ, ಬೇಡದ ಕಬ್ಬಿಣದ ತುಂಡೊಂದನ್ನು ಧನ ತುದಿಗೆ ಸಿಕ್ಕಿಸಿ, ಎರಡೂ ಒಂದಕ್ಕೊಂದು ತಾಗದಂತೆ ಮುಳುಗಿಸುತ್ತಾರೆ. ಮರುದಿನ ಬೆಳಿಗ್ಗೆ ತುಕ್ಕು ಸಡಿಲಗೊಂಡು ಬ್ರಷ್ಷಿಗೆ ಉದುರಿಹೋಗುತ್ತದೆ. ಬಕೇಟಿನಿಂದ ಏಳುವ ಗುಳ್ಳೆ ಹೈಡ್ರೋಜನ್ ಆದ್ದರಿಂದ ಬಾಗಿಲು ತೆರೆದಿರಬೇಕು, ಹತ್ತಿರ ಬೆಂಕಿ ಸುಳಿಯಬಾರದು. ಸ್ಟೇನ್‌ಲೆಸ್ ಸ್ಟೀಲ್ ಮುಳುಗಿಸಿದರೆ ಕ್ರೋಮಿಯಮ್ಮಿನ ವಿಷ ನೀರಿಗೆ ಸೇರುತ್ತದೆ. ಹಾಗೆಯೇ ಮುಚ್ಚಿದ ಗ್ಯಾರೇಜಿನೊಳಗೆ ಎಂಜಿನ್ ಚಾಲೂ ಮಾಡುವುದು ಸಾವನ್ನು ಕರೆದಂತೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಚಳಿಯ ದೇಶದಲ್ಲಿ ಬಾಗಿಲು ತೆರೆಯಲು ಸೋಮಾರಿತನ ಮಾಡುವುದು ಸಹಜ, ಅದಕ್ಕೇ ಈ ಮಾತು.

ಕನ್ನಡಿಗರಿಗೆ ವೋಲ್ವೊ ಎಂದರೆ ಬಸ್ಸು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಈ ಕಂಪನಿಯ ಲಾರಿ ಕಾರ್ಖಾನೆ ಶುರುವಾಯಿತು, ಬಸ್ಸುಗಳೂ ಬಂದವು. ಹವಾನಿಯಂತ್ರಿತ ಬಸ್ಸಿಗೆಲ್ಲ ‘ವೋಲ್ವೊ’ ಎಂಬುದೇ ಹೆಸರಾಗಿಬಿಟ್ಟಿತು. ಅದು ಲ್ಯಾಟಿನ್ ಪದ, ‘ಉರುಳುತ್ತೇನೆ’ ಎಂದು ಅರ್ಥ. ಸ್ವೀಡನ್ನಿನಲ್ಲಿ ಅದರ ಮೊದಲ ಕಾರು 1927ರಲ್ಲಿ ಹೊರಬಂತು. 1953ರಲ್ಲಿ ಬಂದ ಒಂದು ಮಾದರಿಯ ಹೆಸರು ‘ಡುಯೆಟ್’, ಅಂದರೆ ಜೋಡಿಗಾನ. ವಾರವಿಡೀ ಸಾಮಾನು ಹೊರುವ ದುಡಿಮೆ, ವಾರದ ಕೊನೆಗೆ ಮನೆಮಂದಿಯ ವಿಹಾರ, ಎರಡಕ್ಕೂ ಒಂದೇ ವಾಹನ ಎಂಬ ಅರ್ಥದಲ್ಲಿ ಇಟ್ಟ ಹೆಸರು. ಬಡಗಿ, ಬಣ್ಣದವ, ಅಂಗಡಿಯವ ಸೋಮವಾರದಿಂದ ಹಲಗೆ, ಡಬ್ಬ ತುಂಬುತ್ತಿದ್ದ ಹಿಂಬದಿಯಲ್ಲಿ ಶನಿವಾರ ಹಾಸಿಗೆ ಹಾಸಿದರೆ ಮಕ್ಕಳಿಗೆ ಮಲಗುವ ಕೋಣೆ. 1969ರವರೆಗೆ ತಯಾರಾದ ಈ ಡುಯೆಟ್ ಇಂದಿಗೂ ದುರಸ್ತಿಗಾರರ ಮುದ್ದಿನ ಕಾರು. ಇನ್ನೊಂದು ಸೋಜಿಗ: ಸ್ವೀಡನ್ನಿನಲ್ಲಿ ಆಗ ನಮ್ಮಂತೆಯೇ ರಸ್ತೆಯ ಎಡಕ್ಕೆ ಓಡಿಸುತ್ತಿದ್ದರು, ಆದರೆ ಸ್ಟಿಯರಿಂಗೂ ಎಡಕ್ಕೇ ಇರುತ್ತಿತ್ತು! 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಇಡೀ ದೇಶ ಬಲಕ್ಕೆ ಹೊರಳಿದ ಮೇಲೆ ಆ ವಿಚಿತ್ರ ಸರಿಹೋಯಿತು.

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯ ಪ್ರಶ್ನೆಗೆ ಬರಬೇಕು. ದುರಸ್ತಿಗೆ ಕೊನೆ ಎಲ್ಲಿ?

ಹಳೆಯ ಕಾರನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುವುದಕ್ಕೆ ಸಾವಿರ ಗಂಟೆ ಹಿಡಿದರೆ ಹೆಚ್ಚೇನಲ್ಲ. ಕೆಲಸಕ್ಕೆ ಹೋಗುವ ಒಬ್ಬ ತಂದೆ ಇದ್ದಾನೆ ಎನ್ನಿ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ 28 ವಾರ, ವಾರಕ್ಕೆ ಹತ್ತು ಗಂಟೆ ಗ್ಯಾರೇಜಿನಲ್ಲಿ ಕಳೆದರೆ ವರ್ಷಕ್ಕೆ 280 ಗಂಟೆ. ಮೂರು ಚಳಿಗಾಲಕ್ಕೆ 840. ನಾಲ್ಕನೆಯ ಚಳಿಗಾಲದ ನಡುವೆ ಕಾರು ಎದ್ದು ನಿಲ್ಲುತ್ತದೆ. ಇಷ್ಟು ಕಾಯಲಾರೆ ಎನ್ನುವವನು ಬೇಸಿಗೆಯ ರಜೆಗೂ ಕೈ ಹಾಕುತ್ತಾನೆ. ಸ್ವೀಡನ್ನಿನಲ್ಲಿ 1977ರ ಕಾನೂನಿನಂತೆ ನೌಕರರಿಗೆ ವರ್ಷಕ್ಕೆ 25 ದಿನ ರಜೆ. ಅದರಲ್ಲಿ ನಾಲ್ಕು ವಾರ ಜೂನ್‌ನಿಂದ ಆಗಸ್ಟ್ ಒಳಗೆ ಒಟ್ಟಿಗೆ ಪಡೆಯುವ ಹಕ್ಕಿದೆ. ಆ ನಾಲ್ಕೂ ವಾರ ದಿನಗೂಲಿಯವನಂತೆ ದುಡಿದರೆ 160 ಗಂಟೆ. ಈಗ ವರ್ಷಕ್ಕೆ 440. ಎರಡು ವರ್ಷಕ್ಕೆ 880, ಮೂರನೆಯ ಚಳಿಗಾಲದಲ್ಲಿ ಕೆಲಸ ಮುಗಿಯಿತು. ಲಾಭ ಎಷ್ಟು? ಒಂದು ಚಳಿಗಾಲ. ಕೊಟ್ಟ ಬೆಲೆ ಎರಡು ಬೇಸಿಗೆ.

ಅದೂ ಎಂಥ ಬೇಸಿಗೆ! ಏಳು ವರ್ಷದ ಮಗುವಿಗೆ ಹದಿನೆಂಟು ತುಂಬುವಷ್ಟರಲ್ಲಿ ಸಿಗುವುದು ಹನ್ನೊಂದೇ ಬೇಸಿಗೆ. ಶಾಲೆಗೆ ಜೂನ್ ಮಧ್ಯದಿಂದ ಸುಮಾರು ಹತ್ತು ವಾರ ರಜೆ. ಆ ಹತ್ತರಲ್ಲಿ ಮಳೆ, ಸೊಳ್ಳೆ, ಜ್ವರ ಕಳೆದರೆ ಎಷ್ಟು ಉಳಿಯಿತು? ಅಪ್ಪ ಗ್ಯಾರೇಜಿನ ನೆಲದಲ್ಲಿ ಕಾರಿನಡಿ ಅಂಗಾತ ಮಲಗಿದ್ದಾನೆ, ಹೊರಗೆ ಕಾಲು ಮಾತ್ರ ಕಾಣುತ್ತದೆ. ಈಜುವ ಚಡ್ಡಿ ಹಾಕಿಕೊಂಡ ಮಗ ಆ ಕಾಲುಗಳೊಡನೆ ಮಾತನಾಡುತ್ತಾನೆ. ‘ಇನ್ನೊಂದೇ ಬೋಲ್ಟು ಮಗಾ’ ಎಂದು ಒಳಗಿನಿಂದ ಉತ್ತರ ಬರುತ್ತದೆ. ಇದು ಸ್ವೀಡನ್ನಿನ ಚಿತ್ರ ಮಾತ್ರವಲ್ಲ ಎಂಬುದು ಮನೆಯಲ್ಲಿ ಸ್ಕೂಟರ್ ಬಿಚ್ಚುವ ತಂದೆ ಇರುವವರಿಗೆಲ್ಲ ಗೊತ್ತು.

ಅನುಭವಸ್ಥರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಕಾರನ್ನು ಒಟ್ಟಿಗೆ ಬಿಚ್ಚುವುದಿಲ್ಲ. ಒಂದು ಚಳಿಗಾಲ ಬ್ರೇಕು, ಮುಂದಿನದರಲ್ಲಿ ವೈರಿಂಗು, ಅದರಾಚೆ ನೆಲದ ತಗಡು. ಮೇ ತಿಂಗಳಲ್ಲಿ ಏನಾದರಾಗಲಿ ಕಾರು ರಸ್ತೆಗಿಳಿಯಲೇಬೇಕು. ಬಣ್ಣ ಎರಡು ಬಗೆಯದಾಗಿದ್ದರೂ ಸರಿ, ಬಾಗಿಲಿನ ಒಳಹೊದಿಕೆ ಇಲ್ಲದಿದ್ದರೂ ಸರಿ. ಇಂಥ ಕಾರಿಗೆ ಪ್ರದರ್ಶನದಲ್ಲಿ ಬಹುಮಾನ ಬರುವುದಿಲ್ಲ. ಕನ್ನಡಿಯಂತೆ ಹೊಳೆಯುವ ಕಾರಿನ ಪಕ್ಕ ನಿಂತಾಗ ಒಂದಿಷ್ಟು ಮುಜುಗರವೂ ಆಗುತ್ತದೆ. ಆದರೆ ಆ ಹೊಳೆಯುವ ಕಾರಿನವರು ಮಳೆ ಬಂದರೆ ಹೊರಗೆ ತೆಗೆಯುವುದಿಲ್ಲ, ಒದ್ದೆ ಟವೆಲ್ಲಿನ ಮಕ್ಕಳನ್ನು ಸೀಟಿಗೆ ಹತ್ತಿಸುವುದಿಲ್ಲ. ಚಾಸಿಯೇ ತುಕ್ಕು ತಿಂದಿದ್ದರೆ ಮಾತು ಬೇರೆ. ಅಲ್ಲಿ ಕಂತಿನ ದುರಸ್ತಿ ನಡೆಯದು, ಪೂರ್ತಿ ಬಿಚ್ಚಲೇಬೇಕು. ಅಂಥ ಕಾರನ್ನು ಕೊಳ್ಳುವ ಮುಂಚೆಯೇ ಮನೆಯವರನ್ನೂ ಕೂರಿಸಿಕೊಂಡು ಲೆಕ್ಕ ಹಾಕುವುದು ಒಳ್ಳೆಯದು.

ಲೆಕ್ಕ ಹಾಕದೆ ಉಳಿದ ಕಾರುಗಳ ಗತಿ ನೋಡಬೇಕಾದರೆ ದಕ್ಷಿಣದ ಸ್ಮೋಲಾಂಡ್ ಸೀಮೆಗೆ ಹೋಗಬೇಕು. ಅಲ್ಲಿನ ರಿಡ್ ಎಂಬ ಊರಿನ ಹತ್ತಿರ ಜೌಗು ನೆಲದಲ್ಲಿ ಸುಮಾರು 150 ಹಳೆಯ ಕಾರುಗಳು ಕಾಡಿನೊಳಗೆ ಕೊಳೆಯುತ್ತಾ ನಿಂತಿವೆ. ಬಿಡಿಭಾಗಕ್ಕೆಂದು ಒಬ್ಬ ವ್ಯಕ್ತಿ ತಂದಿಟ್ಟುಕೊಂಡವು. ಬಾನೆಟ್ಟಿನೊಳಗಿಂದ ಮರ ಬೆಳೆದಿದೆ, ಸೀಟಿನ ಮೇಲೆ ಪಾಚಿ. ಅದನ್ನು ಕಸವೆಂದು ಎತ್ತಿಸಬೇಕೇ, ಚರಿತ್ರೆಯೆಂದು ಉಳಿಸಬೇಕೇ ಎಂಬ ವಾದ ನಡೆದು ಕೊನೆಗೆ ಉಳಿಸುವುದೆಂದು ತೀರ್ಮಾನವಾಯಿತು. ಈಗ ಜನ ನೋಡಲು ಬರುತ್ತಾರೆ.

ಹೊರಟ ಕಾರಿಗೆ ಡೇರೆ ಹಾಕಲು ಜಾಗದ ಬರವಿಲ್ಲ. ಕಾಡು, ಸರೋವರದ ದಂಡೆ ಯಾರದೇ ಆಗಿರಲಿ, ಅಲ್ಲಿ ನಡೆದಾಡುವ, ಹಣ್ಣು ಅಣಬೆ ಆರಿಸುವ, ಒಂದು ರಾತ್ರಿ ಡೇರೆ ಹಾಕುವ ಹಕ್ಕು ಎಲ್ಲರಿಗೂ ಇದೆ. ಹಳೆಯ ರೂಢಿಯಾಗಿದ್ದ ಇದಕ್ಕೆ 1994ರಲ್ಲಿ ಸಂವಿಧಾನದಲ್ಲೂ ಜಾಗ ಸಿಕ್ಕಿತು. ಮನೆಯಂಗಳಕ್ಕೆ, ಬೆಳೆಯ ಹೊಲಕ್ಕೆ ಕಾಲಿಡಬಾರದು. ತೊಂದರೆ ಕೊಡಬಾರದು, ಹಾಳುಮಾಡಬಾರದು. ಆದರೆ ಈ ಹಕ್ಕು ಕಾಲಿಗೆ ಮಾತ್ರ, ಚಕ್ರಕ್ಕಿಲ್ಲ. ರಸ್ತೆ ಬಿಟ್ಟು ಕಾಡಿನ ನೆಲದಲ್ಲಿ ಕಾರು ಓಡಿಸಿದರೆ ದಂಡ. ಆದ್ದರಿಂದ ಎಷ್ಟೇ ಪ್ರೀತಿಯ ಕಾರಾದರೂ ಅದನ್ನು ರಸ್ತೆಯಂಚಿನಲ್ಲೇ ಬಿಟ್ಟು ಚೀಲ ಹೊತ್ತು ನಡೆಯಬೇಕು. ಒಣ ಬೇಸಿಗೆಯಲ್ಲಿ ಒಲೆ ಹೊತ್ತಿಸುವುದಕ್ಕೂ ನಿಷೇಧ ಬರುತ್ತದೆ. 2018ರಲ್ಲಿ ದಲಾರ್ನಾದ ಕಾಡುಗಳೇ ಹೊತ್ತಿ ಉರಿದಿದ್ದನ್ನು ಇಲ್ಲಿನವರು ಮರೆತಿಲ್ಲ.

ದಾರಿಯಲ್ಲಿ ಕಾರು ಕೆಡುವುದೂ ಪ್ರವಾಸದ ಒಂದು ಭಾಗವೇ. 2021ರ ಆಗಸ್ಟಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇಕಡಾ 10ರವರೆಗೆ ಏರಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ಕೊಳವೆ ಬದಲಿಸದವರು ದುಬಾರಿಯ 98 ಆಕ್ಟೇನ್ ಪೆಟ್ರೋಲ್ ಹಾಕಿಸುತ್ತಾರೆ, ಇಲ್ಲವೇ ರಸ್ತೆಬದಿಯಲ್ಲಿ ಕೂರುತ್ತಾರೆ. ಮಕ್ಕಳಿರುವ ಕಾರಿಗೆ ಸೀಟುಬೆಲ್ಟು ಜೋಡಿಸುವುದನ್ನು ಮಾತ್ರ ಯಾರೂ ಮುಂದೂಡಬಾರದು. ಎದೆಗೂ ಸೊಂಟಕ್ಕೂ ಬಿಗಿಯುವ ಮೂರು ಬಿಂದುಗಳ ಬೆಲ್ಟನ್ನು ವೋಲ್ವೊದ ಎಂಜಿನಿಯರ್ ನಿಲ್ಸ್ ಬೊಹ್ಲಿನ್ ರೂಪಿಸಿದ್ದು, 1959ರಲ್ಲಿ ಕಾರಿಗೆ ಬಂದದ್ದು ಇದೇ ದೇಶದಲ್ಲಿ. ಕಂಪನಿ ಅದರ ಪೇಟೆಂಟನ್ನು ಇತರ ತಯಾರಕರಿಗೂ ಮುಕ್ತವಾಗಿ ಬಿಟ್ಟಿತು.

ಹುಡುಗ ಹುಡುಗಿಯರ ಪಾಲೂ ಇದೆ. ಹದಿನೈದು ವರ್ಷಕ್ಕೆ ಮೊಪೆಡ್ ಲೈಸೆನ್ಸ್ ಪಡೆದವರು ‘ಎ-ಟ್ರಾಕ್ಟರ್’ ಓಡಿಸಬಹುದು. ಎಂದರೆ ಹಳೆಯ ಕಾರನ್ನೇ ಕತ್ತರಿಸಿ, ಗಂಟೆಗೆ 30 ಕಿಲೋಮೀಟರ್ ಮೀರದಂತೆ ಮಾಡಿ, ಹಿಂದೆ ಕೆಂಪು ತ್ರಿಕೋನ ತಗುಲಿಸಿದ ಗಾಡಿ. ಯುದ್ಧಕಾಲದಲ್ಲಿ ರೈತರಿಗೆ ಟ್ರಾಕ್ಟರ್ ಸಿಗದಿದ್ದಾಗ ಹುಟ್ಟಿದ ಉಪಾಯವಿದು. ಬಸ್ಸು ಅಪರೂಪವಾದ ಹಳ್ಳಿಗಳಲ್ಲಿ ಇದೇ ಮಕ್ಕಳ ಕಾಲು. ಎಷ್ಟೋ ಒಳ್ಳೆಯ ಡುಯೆಟ್‌ಗಳು ಹಿಂದೆ ಹೀಗೆ ಗರಗಸಕ್ಕೆ ಸಿಕ್ಕವು ಎಂದು ಹಿರಿಯರು ಹೊಟ್ಟೆ ಉರಿದುಕೊಳ್ಳುತ್ತಾರೆ. ಹದಿನೈದರ ವಯಸ್ಸಿನಲ್ಲಿ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಲು ಕಲಿತವರು ಮುಂದೆ ಹಳೆಯ ಕಾರು ಉಳಿಸುವವರೂ ಆಗಬಹುದಲ್ಲವೇ?

ಕಾರಿನ ವಾರ ಮುಗಿದು ಆಗಸ್ಟ್ ಬರುತ್ತದೆ. ಹಗಲು ದಿನಕ್ಕೆ ಐದಾರು ನಿಮಿಷದಂತೆ ಕುಗ್ಗುತ್ತದೆ, ಬಯಲಿನ ಡೇರೆಗಳು ಒಂದೊಂದಾಗಿ ಕಡಿಮೆಯಾಗುತ್ತವೆ. ಶಾಲೆ ಶುರುವಾದ ಮೇಲೂ ಒಂದೆರಡು ಶನಿವಾರ ಸಿಕ್ಕೀತು. ಸೆಪ್ಟೆಂಬರಿನ ಒಂದು ಭಾನುವಾರ ಕಾರನ್ನು ತೊಳೆದು, ಒಣಗಿಸಿ, ಬಾಗಿಲಿನ ಪೊಳ್ಳುಗಳಿಗೆ ಎಣ್ಣೆ ಸಿಂಪಡಿಸಿ, ಬ್ಯಾಟರಿ ಕಳಚಿ ಒಳಗಿಡುತ್ತಾರೆ. ಹಿಂದಿನ ಸೀಟಿನ ಸಂದಿಯಿಂದ ಸಿಲ್ಯಾನಿನ ಮರಳು, ಒಂದು ಕಾಲುಚೀಲ, ಒಣಗಿದ ಬ್ಲೂಬೆರಿ ಹಣ್ಣು ಹೊರಬೀಳುತ್ತವೆ. ಗ್ಯಾರೇಜಿನ ಗೋಡೆಗೆ ಚೀಟಿ ಅಂಟಿಸುವುದು ಮಕ್ಕಳ ಕೆಲಸ: ಈ ಚಳಿಗಾಲ ಸ್ಟಿಯರಿಂಗ್, ವೈಪರ್, ಎಡಬಾಗಿಲಿನ ಕಿಟಕಿ.